ನಕ್ಷತ್ರ ಕಾಣುವ ತನಕ

ನನ್ನ ಅಪ್ಪ ಮುಂಬಾಗಿಲಿನಿಂದ ಮನೆಯೊಳಗೆ ಬಂದದ್ದನ್ನು ನಾನು ಚಿಕ್ಕಂದಿನಲ್ಲಿ ನೋಡಿದ್ದು ಶನಿವಾರ, ಭಾನುವಾರಗಳಲ್ಲಿ ಮಾತ್ರ. ಕೆಲಸದ ದಿನಗಳಲ್ಲಿ ಅವರು ಪಕ್ಕದ ಬಾಗಿಲಿನಿಂದಲೇ ಬರಬೇಕಿತ್ತು. ಟೊರಾಂಟೋ ಹತ್ತಿರದ ಪಿಕರಿಂಗ್‌ನಲ್ಲಿ ನಾವಿದ್ದ ಬೀದಿಯ ಮನೆಗಳಿಗೆಲ್ಲ ಹೀಗೆ ಎರಡು ಬಾಗಿಲು. ಪಕ್ಕದ್ದನ್ನು ತೆರೆದರೆ ಒಂದು ಪುಟ್ಟ ಜಗಲಿಯಷ್ಟು ಜಾಗ. ಅಲ್ಲಿಂದ ನಾಲ್ಕಾರು ಮೆಟ್ಟಿಲು ಹತ್ತಿದರೆ ಅಡುಗೆಮನೆ, ಇಳಿದುಕೊಂಡು ಹೋದರೆ ಬೇಸ್‌ಮೆಂಟು. ಬೇರೆಯವರು ಆ ಬಾಗಿಲನ್ನು ಹಿಮದ ಬೂಟು ಬಿಚ್ಚುವುದಕ್ಕೋ ಕಸದ ಡಬ್ಬ ಹೊರಗಿಡುವುದಕ್ಕೋ ಬಳಸುತ್ತಿದ್ದರು. ನಮ್ಮಲ್ಲಿ ಅದು ಅಪ್ಪನ ಬಾಗಿಲು. ಸಂಜೆ ಕಾರಿನ ಸದ್ದು, ಬಾಗಿಲಿನ ಸದ್ದು, ಆಮೇಲೆ ಕೆಳಗಿಳಿಯುವ ಹೆಜ್ಜೆಯ ಸದ್ದು. ಬೇಸ್‌ಮೆಂಟಿನಲ್ಲಿ ನಲ್ಲಿ ಬಿಟ್ಟದ್ದು ಕೇಳಿದ ಮೇಲೆಯೇ ಅಮ್ಮ ಒಗ್ಗರಣೆಗೆ ಎಣ್ಣೆ ಇಡುತ್ತಿದ್ದಳು. ಅಪ್ಪ ಮನೆಗೆ ಬಂದರು ಎನ್ನುವುದು ನನಗೆ ಕಿವಿಯಿಂದ ಗೊತ್ತಾಗುತ್ತಿತ್ತು, ಕಣ್ಣಿನಿಂದಲ್ಲ.

ಅಪ್ಪ ಟೊರಾಂಟೋದ ಒಂದು ಆಸ್ಪತ್ರೆಯಲ್ಲಿ ಪೆಥಾಲಜಿಸ್ಟು. ಸತ್ತವರು ಯಾಕೆ ಸತ್ತರು ಎಂದು ಅವರ ದೇಹವನ್ನು ಕೊಯ್ದು ನೋಡಿ ಹೇಳುವುದು ಅವರ ಉದ್ಯೋಗ. ಅಮ್ಮ ಮೈಸೂರಿನ ಕಟ್ಟಾ ಮಡಿಯ ಮನೆಯವಳು. ಅವಳ ತವರಿನಲ್ಲಿ ಒಂದು ನಿಯಮವಿತ್ತು: ಹೆಣ ಮುಟ್ಟಿದವರು ಮಿಂದು, ಆಕಾಶದಲ್ಲಿ ಒಂದಾದರೂ ನಕ್ಷತ್ರ ಕಂಡ ಮೇಲೆಯೇ ಮನೆಯೊಳಗೆ ಕಾಲಿಡಬೇಕು. ಹೆಗಲು ಕೊಟ್ಟವರು ಸ್ಮಶಾನದಿಂದ ಬಂದು ಬೀದಿಯ ಜಗಲಿಯಲ್ಲಿ ಕೂತು ಕತ್ತಲಾಗುವುದನ್ನು ಕಾಯುತ್ತಿದ್ದರಂತೆ. ಅಲ್ಲಿ ಅದು ಒಬ್ಬ ಮನುಷ್ಯನಿಗೆ ಜನ್ಮದಲ್ಲಿ ನಾಲ್ಕೈದು ಸಲ ಬರುವ ಕಷ್ಟ. ನಮ್ಮ ಮನೆಯಲ್ಲಿ ಅದು ಸೋಮವಾರದಿಂದ ಶುಕ್ರವಾರದವರೆಗೆ. ಅಪ್ಪ ಕೆಳಗೆ ಸ್ನಾನ ಮಾಡಿ, ಬಟ್ಟೆಯನ್ನು ತಾವೇ ಮಷೀನಿಗೆ ಹಾಕಿ, ಒಗೆದ ಬಟ್ಟೆ ಮಡಚುವ ಮೇಜಿನ ಮುಂದೆ ಕಾಯುತ್ತಾ ಕೂರುತ್ತಿದ್ದರು. ನಕ್ಷತ್ರ ಕಂಡರೆ ಮೇಲೆ ಬಂದು ನಮ್ಮ ಜೊತೆ ಊಟ. ಕಾಣದಿದ್ದರೆ ಅಮ್ಮ ತಟ್ಟೆಯನ್ನು ನಡುವಿನ ಜಗಲಿಯಲ್ಲಿಟ್ಟು ಹಿಂದಕ್ಕೆ ಬರುವಳು. ಅಪ್ಪ ಹತ್ತಿ ಬಂದು ಎತ್ತಿಕೊಂಡು ಇಳಿಯುವರು. ನಾನು ಅಡುಗೆಮನೆಯ ಬಾಗಿಲು ದಾಟಿ ಕೆಳಗೆ ಹೋಗುವಂತಿರಲಿಲ್ಲ. ಹೋದರೆ ನನಗೂ ತಣ್ಣೀರ ಸ್ನಾನ, ನನಗೂ ನಕ್ಷತ್ರ.

ನಕ್ಷತ್ರ ನೋಡಿ ಬಂದು ಹೇಳುವ ಕೆಲಸ ನನ್ನದು. ಅಪ್ಪ ತಾವೇ ಹೊರಗೆ ಹೋಗಿ ನೋಡಬಹುದಿತ್ತು, ಆದರೆ ಅಮ್ಮನಿಗೆ ಅವರ ಮೇಲೆ ಆ ಒಂದು ವಿಷಯದಲ್ಲಿ ನಂಬಿಕೆ ಸಾಲದು. ಕೋಟು ಹಾಕಿಕೊಂಡು ಹಿತ್ತಲಿನ ಮರದ ಹಲಗೆಯ ಡೆಕ್ಕಿನ ಮೇಲೆ ನಿಲ್ಲುತ್ತಿದ್ದೆ. ದಕ್ಷಿಣಕ್ಕೆ ಊರಂಚಿನ ದೊಡ್ಡ ಸರೋವರದ ಕಡೆ ಅಣು ವಿದ್ಯುತ್ ಸ್ಥಾವರದ ಗುಮ್ಮಟಗಳು, ಅವುಗಳ ದೀಪ. ತಲೆಯ ಮೇಲೆ, ನವೆಂಬರಿನಿಂದ ಶುರುವಾದರೆ ಹೋಳಿಯವರೆಗೂ, ಹಳೇ ಕಂಬಳಿಯ ಬಣ್ಣದ ಮೋಡ. ಚಳಿಗಾಲದಲ್ಲಿ ಬೇಗ ಕತ್ತಲಾಗುತ್ತದೆ, ಆದರೆ ಸರೋವರದ ಮೋಡ ಬಿಡದು. ಬೇಸಿಗೆಯಲ್ಲಿ ಆಕಾಶ ತೊಳೆದಿಟ್ಟ ಹಾಗಿರುತ್ತದೆ, ಆದರೆ ಒಂಬತ್ತಾದರೂ ಹೊತ್ತು ಮುಳುಗದು. ಅಷ್ಟರಲ್ಲಿ ನನ್ನನ್ನು ಮಲಗಿಸಿರುತ್ತಿದ್ದರು. ಒಟ್ಟಿನಲ್ಲಿ ಮೈಸೂರಿನ ಆಕಾಶಕ್ಕೆಂದು ಮಾಡಿದ ನಿಯಮ ಇಲ್ಲಿಯ ಆಕಾಶಕ್ಕೆ ಹೊಂದುತ್ತಿರಲಿಲ್ಲ. ಆ ವಯಸ್ಸಿನಲ್ಲಿ ನನಗೆ ಬೇಕಾಗಿದ್ದದ್ದು ಒಂದೇ: ಇಡೀ ವಾರ ಮೂವರೂ ಒಂದೇ ಮೇಜಿಗೆ ಕೂತು ಊಟ ಮಾಡಬೇಕು. ಗೊಂಬೆ ಬೇಡ, ಸೈಕಲ್ಲು ಬೇಡ, ಅದೊಂದು ಆಗಲಿ ಎಂದು ದಿನಾ ದೇವರ ಮನೆಯಲ್ಲಿ ಕಣ್ಣು ಮುಚ್ಚಿ ಕೇಳುತ್ತಿದ್ದೆ. ಬೇಡುತ್ತಿದ್ದ ದೇವರ ಹೆಸರಿನಲ್ಲೇ ಅದು ತಪ್ಪಿಹೋಗುತ್ತಿತ್ತು ಎಂಬುದು ಆಗ ಹೊಳೆದಿರಲಿಲ್ಲ.

ಒಂದು ಜೂನ್ ತಿಂಗಳ ಸಂಜೆ ಬಿಸಿಲು ಅಡುಗೆಮನೆಯ ನೆಲದ ಮೇಲೆ ಹರಡಿಕೊಂಡಿರುವಾಗ ನಾನು ಅಮ್ಮನಿಗೆ ಎದುರು ಮಾತಾಡಿದೆ.

"ಅಮ್ಮ, ದಿಸ್ ಈಸ್ ಸಿಲ್ಲಿ. ಇಲ್ಲಿ ಸೆವೆನ್ ಓ ಕ್ಲಾಕ್‌ಗೆ ಸ್ಟಾರ್ಸ್ ಬರೋದೇ ಇಲ್ಲ. ರೂಲೇ ರಾಂಗ್."

"ರೂಲ್ ಸರಿಯಾಗೇ ಇದೆ ಕಣೇ. ಈ ಊರಿನ ಆಕಾಶಾನೇ ಸರಿ ಇಲ್ಲ," ಎಂದಳು ಅಮ್ಮ ಪಲ್ಯ ಕೈಯಾಡಿಸುತ್ತಾ.

ಅಪ್ಪನದು ಇನ್ನೊಂದು ತರಹದ ಹಟ. ಒಮ್ಮೆ ಮಾರ್ಚಿನಲ್ಲಿ ಪಡುವಣಕ್ಕೆ ಮೋಡ ಸರಿದು, ಒಂದೇ ಒಂದು ಬೆಳ್ಳನೆಯ ಚುಕ್ಕೆ ಹೊಳೆಯಿತು. ನಾನು ಬೂಟು ಸಮೇತ ಅಡುಗೆಮನೆಗೆ ನುಗ್ಗಿ ಕೂಗಿದೆ. ಅಮ್ಮನೂ ಕಿಟಕಿಯಿಂದ ಬಗ್ಗಿ ನೋಡಿ, "ಸರಿ, ಬರಕ್ ಹೇಳು," ಎಂದು ಮೂರನೇ ತಟ್ಟೆ ಇಟ್ಟಳು. ಅಪ್ಪ ಕೆಳಗಿನ ಕಿಟಕಿಯಿಂದ ನೋಡಿ, ಮೆಟ್ಟಿಲ ಬುಡಕ್ಕೆ ಬಂದು ಹೇಳಿದರು:

"ಅದು ನಕ್ಷತ್ರ ಅಲ್ಲವಾ ಶಾಲೂ. ಶುಕ್ರ. ಗ್ರಹ ಅದು. ಇಟಲಿಯೊಳಗ ಗೆಲಿಲಿಯೋ ಅಂತ ಒಬ್ಬಾಂವ ದುರ್ಬೀನು ಹಚ್ಚಿ ನೋಡಿದಾಗ ಅದು ಚಂದ್ರನ ಗತೆ ಹೆಚ್ಚೂ ಕಡಿಮಿ ಆಗೂದು ಕಂಡಿತು. ಸೂರ್ಯನ ಸುತ್ತ ತಿರಗತದ. ನಕ್ಷತ್ರ ಅಂತ ಹ್ಯಾಂಗ ಅನ್ನೂದು?"

ಅಮ್ಮ ಇಟ್ಟ ತಟ್ಟೆಯನ್ನು ಎತ್ತಿಟ್ಟಳು. ನಾನು ಅತ್ತುಬಿಟ್ಟೆ. ಕೋಣನಿಗೂ ಕೋಣನಿಗೂ ಕದನವಾದರೆ ಗಿಡಕ್ಕೆ ಮಿತ್ತು ಎನ್ನುತ್ತಾರೆ. ನಮ್ಮ ಮನೆಯಲ್ಲಿ ಒಬ್ಬರಿಗೆ ಶಾಸ್ತ್ರ ತಪ್ಪಬಾರದು, ಇನ್ನೊಬ್ಬರಿಗೆ ಸತ್ಯ ತಪ್ಪಬಾರದು, ನಡುವೆ ನನಗೆ ಸಾರನ್ನದ ರುಚಿ ತಪ್ಪುತ್ತಿತ್ತು. ಶಾಲೆಯಲ್ಲಿ 'ನಮ್ಮ ಮನೆಯ ಊಟ' ಎಂಬ ಚಿತ್ರ ಬರೆಯಲು ಹೇಳಿದಾಗ ನಾನು ಮೆಟ್ಟಿಲು ಬರೆದು, ಮೇಲೆ ಇಬ್ಬರನ್ನೂ ಕೆಳಗೆ ಒಬ್ಬರನ್ನೂ ಕೂರಿಸಿದೆ. ಟೀಚರು ಚಿತ್ರ ನೋಡಿ ಮೆಲ್ಲಗೆ, ಅಪ್ಪ ನಿಮ್ಮ ಜೊತೆ ಇರುವುದಿಲ್ಲವೇ ಎಂದು ಕೇಳಿದರು. ಇರುತ್ತಾರೆ, ಕೆಳಗೆ ಇರುತ್ತಾರೆ ಎಂದೆ. ಅಂದಿನಿಂದ ಅವರು ನನ್ನ ಜೊತೆ ದನಿ ತಗ್ಗಿಸಿ ಮಾತಾಡತೊಡಗಿದರು. ಅಪ್ಪ ಅಮ್ಮ ಬೇರೆಯಾದ ಮಕ್ಕಳಿಗೆಂದು ಶುಕ್ರವಾರ ನಡೆಸುವ ಗುಂಪಿನಲ್ಲಿ ನನ್ನನ್ನೂ ಕೂರಿಸಿದರು. ಅಲ್ಲಿ ಉಳಿದ ಮಕ್ಕಳಿಗೆ ಹೇಳಿಕೊಳ್ಳಲು ಏನಾದರೂ ಇರುತ್ತಿತ್ತು. ನನಗೆ ನಕ್ಷತ್ರದ ವಿಷಯ ಇಂಗ್ಲಿಷಿನಲ್ಲಿ ಹೇಳಲು ಬರಲಿಲ್ಲ, ಬಿಸ್ಕತ್ತು ತಿಂದುಕೊಂಡು ಸುಮ್ಮನೆ ಕೂರುತ್ತಿದ್ದೆ.

ಮೋಡದ ಸಂಜೆಗಳಲ್ಲಿ ನನ್ನ ಜಾಗ ಅಡುಗೆಮನೆಯ ಬಾಗಿಲ ಹೊಸ್ತಿಲು, ಅಂದರೆ ಮೇಲಿನ ಮೆಟ್ಟಿಲು. ಅಪ್ಪ ಮೇಜನ್ನು ಮೆಟ್ಟಿಲ ಬುಡಕ್ಕೆ ಎಳೆದುಕೊಂಡು ಕೂರುತ್ತಿದ್ದರು. ಅವರ ನೆತ್ತಿ ನನಗೆ ಚೆನ್ನಾಗಿ ಕಾಣುತ್ತಿತ್ತು. ಅವರ ಕೂದಲು ಉದುರತೊಡಗಿದ್ದನ್ನು ಮೊದಲು ಕಂಡವಳು ನಾನೇ. ನಾನು ಕನ್ನಡ ಓದಲು ಕಲಿತದ್ದು ಹೀಗೆ: ಅವರು ಹಳೇ ರಟ್ಟಿನ ಪೆಟ್ಟಿಗೆಯ ಮೇಲೆ ದಪ್ಪ ಮಾರ್ಕರಿನಲ್ಲಿ ಅಕ್ಷರ ಬರೆದು ಎತ್ತಿ ಹಿಡಿಯುವರು, ನಾನು ಮೇಲಿನಿಂದ ಕೂಗಿ ಓದುವುದು. ಅಕ್ಷರ ಮುಗಿದ ಮೇಲೆ ಕಥೆ. ಬೇರೆ ಮಕ್ಕಳಿಗೆ ಅಪ್ಪಂದಿರು ರಾಜಕುಮಾರಿಯ ಕಥೆ ಹೇಳಿದರೆ ನನಗೆ ಇಟಲಿಯ ಹೆಣದ ಕಥೆ. ಅಪ್ಪ ಧಾರವಾಡದವರು. ಇಟಲಿಯ ಪಂಡಿತರೆಲ್ಲ ನನ್ನ ತಲೆಯಲ್ಲಿ ಇವತ್ತಿಗೂ ಧಾರವಾಡದ ಮಾತನ್ನೇ ಆಡುತ್ತಾರೆ.

"ಹಿಂದಕ ಅಲ್ಲೆ ಮೆಡಿಕಲ್ ಕಾಲೇಜು ಹ್ಯಾಂಗ ಇತ್ತು ಗೊತ್ತದ ಏನು? ಪ್ರೊಫೆಸರ್ ಎತ್ತರದ ಕುರ್ಚಿ ಮ್ಯಾಲೆ ಕೂತು ಪುಸ್ತಕ ಓದತಿದ್ದ. ಕೆಳಗ ಹೆಣ ಕೊಯ್ಯಾಂವ ಒಬ್ಬ ಕ್ಷೌರದಾಂವ. ಮ್ಯಾಲಿನಾಂವ ಪುಸ್ತಕ ಬಿಟ್ಟು ಕಣ್ಣು ಎತ್ತಂಗಿಲ್ಲ, ಕೆಳಗಿನಾಂವಗ ಪುಸ್ತಕ ಓದಲಿಕ್ಕೆ ಬರಂಗಿಲ್ಲ. ಒಂದ ಕೋಣ್ಯಾಗ ಇದ್ದು ಒಬ್ಬರದು ಒಬ್ಬರಿಗೆ ಮುಟ್ಟತಿರಲಿಲ್ಲ."

"ಪುಸ್ತಕ ಯಾರದು?"

"ಗ್ಯಾಲನ್ ಅಂತ, ರೋಮಿನ ಕಾಲದ ವೈದ್ಯ. ಸಾವಿರಕ್ಕೂ ಮಿಕ್ಕಿ ವರ್ಷ ಅವಂದ ಮಾತು. ಆದರ ಅವನ ಕಾಲಕ್ಕ ಮನುಷ್ಯಾನ ಹೆಣ ಕೊಯ್ಯಲಿಕ್ಕೆ ಬಿಡತಿರಲಿಲ್ಲ. ಮಂಗ್ಯಾ, ಹಂದಿ, ದನ ಕೊಯ್ದು, ಮನುಷ್ಯಾನೂ ಹಿಂಗ ಇರತಾನ ಅಂತ ಬರದ. ಮುಂದ ವೆಸಾಲಿಯಸ್ ಅಂತ ಒಬ್ಬ ಹುಡುಗ ಪ್ರೊಫೆಸರ್ ಬಂದ. ಅಂವ ಕುರ್ಚಿಯಿಂದ ಕೆಳಗ ಇಳದು ಬಂದ, ಶಾಲೂ. ಚಾಕು ತಾನ ಹಿಡದ. ಈಗ ನಿನ್ನ ಗದ್ದ ಮುಟ್ಟಿ ನೋಡಿಕೋ. ನಡುವ ಎಲ್ಲೆರೆ ಸಂದು ಸಿಗತದ ಏನು?"

ನಾನು ಗದ್ದವನ್ನು ಎರಡೂ ಕೈಯಿಂದ ಒತ್ತಿ ನೋಡಿಕೊಂಡೆ. ಸಂದು ಸಿಗಲಿಲ್ಲ, ಈ ಕಿವಿಯಿಂದ ಆ ಕಿವಿಯವರೆಗೂ ಒಂದೇ ಎಲುಬು.

"ಗ್ಯಾಲನ್ ಎರಡು ಎಲುಬು ಅಂತ ಬರದಿದ್ದ. ಎಲ್ಲಾರಿಗೂ ಗದ್ದ ಇತ್ತು. ಯಾರೂ ಮುಟ್ಟಿ ನೋಡಿಕೊಂಡಿರಲಿಲ್ಲ."

ನಾನು ನರ್ಸಿಂಗ್ ಓದುವ ಮಕ್ಕಳಿಗೆ ಶರೀರರಚನೆ ಕಲಿಸುವ ಮೇಷ್ಟ್ರಾದದ್ದು ಆ ಸಂಜೆಯಿಂದಲೇ ಎಂದು ಅಂದುಕೊಂಡಿದ್ದೇನೆ. ಮೊದಲ ತರಗತಿಯಲ್ಲಿ ಪುಸ್ತಕ ತೆರೆಯಲು ಬಿಡುವುದಿಲ್ಲ. ನಿಮ್ಮ ಗದ್ದ ಮುಟ್ಟಿಕೊಳ್ಳಿ ಎನ್ನುತ್ತೇನೆ. ಮಕ್ಕಳು ನಗುತ್ತಾರೆ. ಅಪ್ಪ ಹೇಳುತ್ತಿದ್ದರು, ವೆಸಾಲಿಯಸ್ಸನ ಪುಸ್ತಕ ಬಂದ ವರ್ಷವೇ ಕೋಪರ್ನಿಕಸ್ಸನದೂ ಬಂತು ಎಂದು. ಒಬ್ಬ ನೆಲದ ಮೇಲಿನ ಮೈಯನ್ನು ಬಿಡಿಸಿ ನೋಡಿದ, ಇನ್ನೊಬ್ಬ ನೆಲವನ್ನೇ ಎತ್ತಿ ಸೂರ್ಯನ ಸುತ್ತ ಬಿಟ್ಟ. ಮುಂದೆ ಅದೇ ಇಟಲಿಯಲ್ಲಿ ಗೆಲಿಲಿಯೋ ದುರ್ಬೀನಿನಲ್ಲಿ ಚಂದ್ರನ ಮೇಲೆ ಬೆಟ್ಟ ಕಂಡೆ ಎಂದಾಗ, ಕೆಲವು ದೊಡ್ಡ ಪಂಡಿತರು ಆ ಕೊಳವೆಗೆ ಕಣ್ಣಿಡುವುದಕ್ಕೇ ಒಪ್ಪಲಿಲ್ಲವಂತೆ. ಪುಸ್ತಕದಲ್ಲಿ ಹೇಗಿದೆ ಎಂದು ಕೇಳುತ್ತಿದ್ದವರು, ಕಣ್ಣಿಗೆ ಹೇಗಿದೆ ಎಂದು ಕೇಳಲು ಕಲಿತದ್ದೇ ಈಗಿನ ವಿಜ್ಞಾನದ ಹುಟ್ಟು ಎಂದು ಅಪ್ಪ ಹೇಳುವಾಗ ಅವರ ದನಿ ಮೆಟ್ಟಿಲ ತುಂಬ ತುಂಬಿಕೊಳ್ಳುತ್ತಿತ್ತು. ಆಮೇಲೆ ಅವರು ತಣ್ಣಗಾದ ಸಾರಿಗೆ ಅನ್ನ ಕಲಸಿಕೊಂಡು ಒಬ್ಬರೇ ಉಣ್ಣುತ್ತಿದ್ದರು.

ವೆಸಾಲಿಯಸ್ಸನ ಗುರುವಿನ ಕಥೆ ಹೇಳಿದ ದಿನ ಮಾತ್ರ ಮನೆಯಲ್ಲಿ ಸಣ್ಣ ಯುದ್ಧವಾಯಿತು. ಶಿಷ್ಯ ತೋರಿಸಿದ್ದನ್ನೆಲ್ಲ ನೋಡಿಯೂ ಆ ಗುರು, ಗ್ಯಾಲನ್ ತಪ್ಪು ಬರೆದಿಲ್ಲ, ಅವನ ಕಾಲದಿಂದ ಈಚೆಗೆ ಮನುಷ್ಯರ ಮೈಯೇ ಬದಲಾಗಿದೆ ಎಂದನಂತೆ. ನಾನು ಮೆಟ್ಟಿಲ ಮೇಲೆ ಬಿದ್ದು ಬಿದ್ದು ನಕ್ಕೆ.

"ಅಮ್ಮನೂ ಹಾಗೇ ಹೇಳಿದ್ಳು! ರೂಲ್ ಸರಿ, ಆಕಾಶಾನೇ ಸರಿ ಇಲ್ಲ ಅಂತ!"

ಕೆಳಗೆ ಅಪ್ಪ ನಗಲಿಲ್ಲ. ಬೆನ್ನ ಹಿಂದೆ ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತ್ತು. ಅಮ್ಮ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಅವಳಿಗೆ ಪಕ್ಕದ ಮನೆಯಿಂದಲೇ ಆಯುಧ ಸಿಕ್ಕಿತು. ಪಕ್ಕದ ಮನೆಯಾತ ಅಣುಸ್ಥಾವರದಲ್ಲಿ ಕೆಲಸ ಮಾಡುತ್ತಿದ್ದ. ಪಾಳಿ ಮುಗಿಸಿ ಹೊರಡುವಾಗ ಒಂದು ಚೌಕಟ್ಟಿನೊಳಗೆ ನಿಲ್ಲಬೇಕು, ಮೈಗೆ ಏನಾದರೂ ಅಂಟಿದ್ದರೆ ಗಂಟೆ ಬಾರಿಸುತ್ತದೆ, ತೊಳೆದುಕೊಳ್ಳದೆ ಮನೆಗೆ ಬಿಡುವುದಿಲ್ಲ ಎಂದು ಅವನ ಹೆಂಡತಿ ಬೇಲಿಯ ಹತ್ತಿರ ಹೇಳಿದ್ದಳು. ಅಮ್ಮ ಅವತ್ತು ತಟ್ಟೆ ಇಡುವಾಗ ಜಗಲಿಯಲ್ಲಿ ಗೆದ್ದವಳ ಹಾಗೆ ನಿಂತಳು.

"ನೋಡಿದ್ರಾ? ಅಲ್ಲೂ ಮಡಿ ಇದೆ. ಕಣ್ಣಿಗೆ ಕಾಣದೇ ಇರೋದು ಮೈಗೆ ಅಂಟಿರತ್ತೆ ಅಂತ ಅವರೂ ಒಪ್ಕೋತಾರೆ."

"ಅವರ ಕಡೆ ಅಳತಿ ಮಾಡೂ ಮಷೀನ್ ಅದ. ನಿನ್ನ ಕಡೆ ಏನದ?"

"ನಕ್ಷತ್ರ ಇದೆ," ಎಂದಳು ಅಮ್ಮ.

ಅಪ್ಪ ಸೋತು ನಕ್ಕರು. ಅಮ್ಮನೂ ನಕ್ಕಳು. ಆದರೆ ತಟ್ಟೆ ಜಗಲಿಯಲ್ಲೇ ಉಳಿಯಿತು.

ಅಮ್ಮನನ್ನು ಬರೀ ಮೊಂಡು ಹೆಂಗಸು ಎಂದು ಯಾರಾದರೂ ಓದಿಕೊಂಡರೆ ತಪ್ಪು ನನ್ನದು. ಅವಳಿಗೆ ಕಾರು ಬಿಡಲು ಬರುತ್ತಿರಲಿಲ್ಲ, ಇಂಗ್ಲಿಷು ಬೇಲಿಯ ಮಾತಿಗೆ ಸಾಕಾಗುವಷ್ಟು. ಅವಳ ದಿನದ ಮಾತೆಲ್ಲ ಮುಗಿಯುತ್ತಿದ್ದದ್ದು ಒಂದು ಫೋನಿನಲ್ಲಿ. ಟೊರಾಂಟೋದ ಆಚೆ ಬದಿಯ ವುಡ್‌ಬ್ರಿಡ್ಜ್‌ನಲ್ಲಿ ಮುರಳಿ ಎಂಬ ಎಂಜಿನಿಯರ್, ಮದುವೆಯಾಗದವರು. ಅವರ ತಾಯಿ ಗೋದಾವರಮ್ಮನವರು ಮೈಸೂರಿನವರೇ. ಮಗನ ಮನೆ ನೋಡಲು ಬಂದು ಇಲ್ಲೇ ಉಳಿದವರು. ದಿನಾ ಬೆಳಗಿನ ಕೆಲಸ ಮುಗಿದ ಮೇಲೆ ಇಬ್ಬರೂ ಫೋನು ಹಿಡಿದರೆ ಗೊಜ್ಜಿನಿಂದ ಶುರುವಾಗಿ ಏಕಾದಶಿಯವರೆಗೂ ಹೋಗುತ್ತಿತ್ತು. ಉಳಿದ ಹೊತ್ತು ಮೇಲೆ ಅಮ್ಮ ಒಬ್ಬಳು, ಕೆಳಗೆ ಅಪ್ಪ ಒಬ್ಬರು, ಬಾಗಿಲಲ್ಲಿ ನಾನು. ಅಷ್ಟು ಚಿಕ್ಕ ಮನೆಯಲ್ಲಿ ಮೂರು ಜನ ಅಷ್ಟೊಂದು ಒಂಟಿಯಾಗಿ ಇರಬಹುದೆಂದು ಈಗ ಯೋಚಿಸಿದರೆ ಸಂಕಟವಾಗುತ್ತದೆ.

ಆರನೇ ಗ್ರೇಡಿನಲ್ಲಿದ್ದಾಗ ನಾನು ಒಂದು ಸಂಜೆ ತಡೆಯಲಾರದೆ ಕೇಳಿಬಿಟ್ಟೆ.

"ಅಪ್ಪ, ನೀವು ವೆಸಾಲಿಯಸ್ ಥರ ಯಾಕೆ ಮಾಡಲ್ಲ? ಅಮ್ಮನಿಗೆ ತಪ್ಪು ಅಂತ ಹೇಳಿ, ಜಸ್ಟ್ ಕಮ್ ಅಪ್. ಯು ಆರ್ ಸ್ಕೇರ್ಡ್."

ಅಪ್ಪ ಬಹಳ ಹೊತ್ತು ತಟ್ಟೆಯ ಅಂಚನ್ನು ಒರೆಸುತ್ತಿದ್ದರು. ಅಮ್ಮ ದೇವರ ಮನೆಯಲ್ಲಿದ್ದಳು, ಗಂಟೆಯ ಸದ್ದು ಕೇಳುತ್ತಿತ್ತು. ಅವರು ಮೆಲ್ಲಗೆ ಮಾತು ತೆಗೆದರು.

"ವೆಸಾಲಿಯಸ್ಸಂದು ಒಂದು ಮಾತು ನಿನಗ ಹೇಳಿಲ್ಲ. ಮಿದುಳಿನ ತಳದಾಗ ರಕ್ತನಾಳದ ಒಂದು ಜಾಲ ಅದ ಅಂತ ಗ್ಯಾಲನ್ ಬರದಿದ್ದ. ಕುರಿಗೆ ಅದ, ದನಕ್ಕ ಅದ. ಮನುಷ್ಯಾಗ ಇಲ್ಲ. ವೆಸಾಲಿಯಸ್ ಹುಡುಕಿದ, ಸಿಗಲಿಲ್ಲ. ಆದರೂ ಮೊದಮೊದಲ ಇಲ್ಲ ಅಂತ ಅನ್ನಲಿಲ್ಲ. ಪಾಠದ ದಿನ ಒಂದು ಕುರಿ ತಲಿ ತಂದು, ಅದರಾಗ ತೋರಿಸಿದ. ಅಂಥಾ ಗಂಡಸು! ಮುಂದ ತನ್ನ ದಡ್ಡತನಕ್ಕ ತಾನ ಬೆರಗಾದ. ಹಳೇದು ಕೈಬಿಡೂದು ಅಷ್ಟು ಹಗುರ ಅಲ್ಲವಾ."

"ಅಮ್ಮನ ಹತ್ರ ಯಾವ ಕುರಿ ತಲೆ ಇದೆ?"

ಆಗ ಅಪ್ಪ ಹೇಳಿದರು. ನನಗಿಂತ ಮೊದಲು ಒಬ್ಬ ಅಣ್ಣ ಇದ್ದ. ಹುಬ್ಬಳ್ಳಿಯಲ್ಲಿ ಹುಟ್ಟಿದವನು. ಅಪ್ಪ ಆಗಿನ್ನೂ ಕೆಲಸ ಕಲಿಯುತ್ತಿದ್ದವರು, ಶವಾಗಾರದ ಕೆಲಸ ಮುಗಿಸಿ, ಸ್ನಾನ ಮಾಡಿಕೊಂಡು, ಇನ್ನೂ ಬಿಸಿಲಿರುವಾಗಲೇ ಬಾಣಂತಿ ಕೋಣೆಗೆ ಓಡಿ ಬಂದು ಮಗುವನ್ನು ಎತ್ತಿಕೊಂಡಿದ್ದರು. ಮರುದಿನ ಬೆಳಿಗ್ಗೆ ಮಗು ಹೋಯಿತು.

"ಕೂಸಿನ ಎದಿಯೊಳಗ ತೂತು ಇತ್ತು. ಹುಟ್ಟಿದಾಗಿಂದನ ಇತ್ತು. ನಾ ಆಕಿಗೆ ಹೇಳಿದೆ. ಆದರ ನನಗಿಂತ ಮೊದಲ ಹಿರಿಯರು ಯಾರೋ ಹೇಳಿಬಿಟ್ಟಿದ್ದರು, ನಕ್ಷತ್ರ ನೋಡದ ಬಂದು ಮುಟ್ಟಿದ, ಅದಕ್ಕ ಹಿಂಗಾತು ಅಂತ."

"ಬಟ್ ಅದು ಸುಳ್ಳು! ಈಗಲೂ ಹೇಳಿ."

"ಎಷ್ಟೋ ಸಲ ಹೇಳೀನಿ. ಎದಿಯ ತೂತಿಗೆ ಆಕಿ ಕೈಲೆ ಏನೂ ಮಾಡಲಿಕ್ಕೆ ಆಗತಿರಲಿಲ್ಲ. ನಕ್ಷತ್ರ ನೋಡೂದು ಆಕಿ ಕೈಯಾಗಿನ ಮಾತು. ಅದನ್ನೊಂದು ತಪ್ಪದ ಮಾಡಿದರ ಕೂಸು ಉಳೀತದ ಅಂತ ಆಕಿಗೆ ಒಂದು ಧೈರ್ಯ. ಆ ಕೂಸು ಈಗ ನೀನು."

ನಾನು ಮೇಲಿನ ಮೆಟ್ಟಿಲಲ್ಲೇ ಕೂತಿದ್ದೆ. ಕೆಳಗೆ ಓಡಿ ಹೋಗಿ ಅಪ್ಪನನ್ನು ತಬ್ಬಿಕೊಳ್ಳಬೇಕೆನಿಸಿತು. ಹೋಗಲಿಲ್ಲ. ದೇವರ ಮನೆಯ ಗಂಟೆ ನಿಂತಿತ್ತು, ಮತ್ತು ನಾನು ಅಮ್ಮನ ಧೈರ್ಯ ಎಂದು ಆಗಷ್ಟೇ ಕೇಳಿದ್ದೆ.

ಆ ವರ್ಷದ ನವೆಂಬರಿನಲ್ಲಿ ಒಂದು ಶನಿವಾರ ಬೆಳಿಗ್ಗೆ ಮುರಳಿಯವರ ಫೋನು ಬಂತು. ಗೋದಾವರಮ್ಮನವರು ನಿದ್ದೆಯಲ್ಲೇ ಹೋಗಿದ್ದರು. ಅಮ್ಮ ಫೋನಿನ ವೈರನ್ನು ಬೆರಳಿಗೆ ಸುತ್ತಿಕೊಂಡು ನೆಲದ ಮೇಲೆ ಕೂತುಬಿಟ್ಟಳು. ಸ್ವಲ್ಪ ಹೊತ್ತಿಗೆ ಮುರಳಿಯವರೇ ಅಪ್ಪನನ್ನು ಕೇಳಿ ಮತ್ತೆ ಮಾಡಿದರು. ದೇಹ ಅಂತ್ಯಕ್ರಿಯೆ ನಡೆಸುವ ಫ್ಯೂನರಲ್ ಹೋಮಿನಲ್ಲಿದೆ, ಮೀಯಿಸಿ ಬಟ್ಟೆ ಉಡಿಸಲು ಮನೆಯವರಿಗೆ ಬಿಡುತ್ತಾರೆ, ಆದರೆ ಮನೆಯವರು ಎಂದರೆ ತಾವೊಬ್ಬರೇ. ಗೊತ್ತಿದ್ದ ಕನ್ನಡದ ಹೆಂಗಸರಿಗೆಲ್ಲ ಫೋನು ಮಾಡಿ ಆಗಿತ್ತು. ಒಬ್ಬರ ಮನೆಯಲ್ಲಿ ವ್ರತ, ಒಬ್ಬರ ಸೊಸೆ ಬಸುರಿ, ಒಬ್ಬರಿಗೆ ಹೆಣ ಕಂಡರೆ ಭಯ. ಡಾಕ್ಟರಿಗೆ ಅಭ್ಯಾಸವಿದೆಯಲ್ಲ, ಬರುತ್ತೀರಾ ಎಂದು ಕೇಳಿದರು.

"ಬರತೀನಿ. ಆದರ ಆಕಿ ಜನ್ಮದಾಗ ಪರಗಂಡಸಿನ ಮುಂದ ಸೆರಗು ಜಾರಿಸಿದಾಕಿ ಅಲ್ಲ. ನಾನು ಹ್ಯಾಂಗ…" ಎಂದು ಅಪ್ಪ ಮಾತು ನಿಲ್ಲಿಸಿದರು.

ನೆಲದ ಮೇಲಿದ್ದ ಅಮ್ಮ ಎದ್ದಳು. ಮುಖ ತೊಳೆದಳು. ಬೀರುವಿನಿಂದ ಒಂದು ಹೊಸ ಸೀರೆ ತೆಗೆದು ಚೀಲಕ್ಕೆ ಹಾಕಿದಳು, ಅರಿಸಿನದ ಡಬ್ಬ, ಒಂದು ಬಾಚಣಿಗೆ.

"ನಾನ್ ಬರ್ತೀನಿ," ಎಂದಳು. "ಗಂಡಸ್ರು ಉಡ್ಸೋದು ಬೇಡ. ಅವ್ರು ಒಪ್ತಿರ್ಲಿಲ್ಲ."

ಅಪ್ಪ ಅವಳನ್ನೇ ನೋಡಿದರು. ಕ್ಲೋಸೆಟ್ಟಿನಿಂದ ಅವಳ ಕೋಟು ತಂದು ಹಿಡಿದರು.

ನನ್ನನ್ನು ಪಕ್ಕದ ಮನೆಯಲ್ಲಿ ಬಿಟ್ಟು ಹೋದರು. ಸಾಯಂಕಾಲ ನಮ್ಮ ಕಾರು ಬಂದದ್ದು ಅವರ ಕಿಟಕಿಯಿಂದ ಕಂಡಿತು. ಅಮ್ಮ ಇಳಿದು ಎಂದಿನಂತೆ ಮುಂಬಾಗಿಲಿಗೆ ನಡೆದಳು. ಹೊರ ಬಾಗಿಲಿನ ಹಿಡಿಗೆ ಕೈ ಹಾಕಿದವಳು ಹಾಗೇ ನಿಂತಳು. ಕೈಯನ್ನು ಒಮ್ಮೆ ನೋಡಿಕೊಂಡಳು. ಆಮೇಲೆ ಒಣಗಿದ ಹುಲ್ಲಿನ ಮೇಲೆ ಹಾದು, ಅಪ್ಪನ ಹಿಂದೆ, ಪಕ್ಕದ ಬಾಗಿಲಿಗೆ ಹೋದಳು. ಆ ಬಾಗಿಲಿನಿಂದ ಅವಳು ಒಳಗೆ ಹೋದದ್ದನ್ನು ನಾನು ನೋಡಿದ್ದು ಅದೇ ಮೊದಲು.

ನಾನು ಮುಂಬಾಗಿಲಿನಿಂದ ಮನೆಗೆ ಬಂದೆ. ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ದೀಪ ಹಾಕಿರಲಿಲ್ಲ, ಬೆಳಗಿನ ಅನ್ನ, ಸಾರು ಒಲೆಯ ಮೇಲೆ ತಣ್ಣಗೆ ಕೂತಿದ್ದವು. ಅಮ್ಮನಿಲ್ಲದ ಮೇಲುಮನೆ ಅಷ್ಟು ದೊಡ್ಡದಾಗಿ ಯಾವತ್ತೂ ಕಂಡಿರಲಿಲ್ಲ. ಕೆಳಗೆ ನಲ್ಲಿಯ ಸದ್ದು ಒಂದು ಸಲ, ಮತ್ತೊಂದು ಸಲ. ನನ್ನ ಮೆಟ್ಟಿಲ ಮೇಲೆ ಕೂತೆ. ಅಮ್ಮ ಒದ್ದೆ ಕೂದಲು ಬಿಟ್ಟುಕೊಂಡು, ಒಗೆದಿಟ್ಟಿದ್ದ ಹತ್ತಿ ಸೀರೆ ಸುತ್ತಿಕೊಂಡು, ಬಟ್ಟೆ ಮಡಚುವ ಮೇಜಿನ ಮುಂದೆ ಅಪ್ಪನ ಎದುರಿಗೆ ಕೂತಿದ್ದಳು. ಅಲ್ಲಿ ಇನ್ನೊಂದು ಕುರ್ಚಿ ಇರಲಿಲ್ಲ, ಬಣ್ಣದ ಡಬ್ಬವನ್ನು ಬೋರಲು ಹಾಕಿಕೊಂಡಿದ್ದಳು. ಅಮ್ಮ ತನ್ನ ಅಂಗೈಗಳನ್ನು ಮೇಜಿನ ಮೇಲೆ ಬಿಡಿಸಿಟ್ಟುಕೊಂಡಿದ್ದಳು.

"ತಣ್ಣಗಿದ್ರು ಅಷ್ಟೇ ಕಣ್ರೀ," ಎಂದಳು ಕೊನೆಗೆ. "ಬೇರೇನೂ ಇರ್ಲಿಲ್ಲ. ಗೋದಾವರಮ್ಮನೇ. ತಲೆ ಬಾಚೋವಾಗ ಅವ್ರದ್ದೇ ಎಣ್ಣೆ ವಾಸನೆ."

"ಹೂಂ."

"ನೀವು ದಿನಾ ಮುಟ್ಟೋದು ಇದನ್ನೇನಾ?"

"ಇದನ್ನ. ಅಲ್ಲಿ ಬರೂ ಎಲ್ಲಾರೂ ಯಾರಿಗರೆ ಗೋದಾವರಮ್ಮನ ಇರತಾರ."

ಅಮ್ಮ ಅಂಗೈಗಳನ್ನು ಮಗುಚಿಟ್ಟಳು. ಮತ್ತೆ ಮಾತಾಡಿದಾಗ ಅವಳ ದನಿ ನನಗೆ ಗುರುತು ಸಿಗದಷ್ಟು ಚಿಕ್ಕದಾಗಿತ್ತು.

"ಹುಬ್ಬಳ್ಳೀಲಿ… ಅವನನ್ನ ಎತ್ಕೊಂಡು ಹೋಗಿದ್ದು ನೀವೇ ಅಲ್ವಾ. ನನಗೆ ಮುಟ್ಟೋಕೆ ಬಿಡ್ಲಿಲ್ಲ. ಬಾಣಂತಿ, ಮುಟ್ಟಬಾರ್ದು ಅಂದ್ರು. ಅವನೂ ತಣ್ಣಗಿದ್ನಾ?"

"ಇಲ್ಲ," ಎಂದರು ಅಪ್ಪ. "ಶಾಲಿನೊಳಗ ಸುತ್ತಿ ಎತ್ತಿಕೊಂಡಿದ್ದೆ. ನನ್ನ ಕೈಯಾಗ ಇನ್ನೂ ಬೆಚ್ಚಗ ಇದ್ದ."

ಅಮ್ಮ ಅತ್ತಳು. ನಾನು ಹುಟ್ಟಿದಂದಿನಿಂದ ಅವಳು ಅತ್ತದ್ದನ್ನು ನೋಡಿರಲಿಲ್ಲ. ಅಪ್ಪ ಮೇಜಿನ ಮೇಲಿದ್ದ ಅವಳ ಕೈ ಹಿಡಿದುಕೊಂಡರು, ಅವಳು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಪಕ್ಕದಲ್ಲಿ ಮಷೀನು ಇಬ್ಬರ ಬಟ್ಟೆಯನ್ನೂ ಒಟ್ಟಿಗೆ ತಿರುಗಿಸುತ್ತಿತ್ತು. ಅಳು ಮುಗಿದ ಮೇಲೆ ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡು ತಲೆ ಎತ್ತಿದಳು, ನಾನು ಕಂಡೆ. ಅವಳನ್ನು ಮೇಲಿನಿಂದ ನೋಡುವುದು ನನಗೆ ಹೊಸದು. ಅವಳ ಬೈತಲೆಯಲ್ಲಿ ಬಿಳಿ ಕೂದಲಿತ್ತು.

"ಶಾಲಿನಿ, ಯಾವಾಗ ಬಂದೆ? ಹೋಗಿ ನೋಡ್ಕೊಂಡ್ ಬಾ, ನಕ್ಷತ್ರ ಕಾಣತ್ತಾ?"

ಕೋಟು ಹಾಕಿಕೊಳ್ಳದೆ ಡೆಕ್ಕಿಗೆ ಓಡಿದೆ. ಸರೋವರದ ಮೇಲಿನಿಂದ ಗಾಳಿ ಬೀಸುತ್ತಿತ್ತು. ತಲೆಯ ಮೇಲೆ ಅದೇ ಕಂಬಳಿ, ಒಂದು ತೂತೂ ಇಲ್ಲ. ಕಾಣುತ್ತಿದೆ ಎಂದುಬಿಟ್ಟರೆ ಇಬ್ಬರೂ ಮೇಲೆ ಬರುತ್ತಾರೆ, ಮೂರು ತಟ್ಟೆ ಇಡಬಹುದು. ಆದರೆ ನಾನು ಅಪ್ಪನ ಮಗಳು, ಶುಕ್ರನನ್ನು ನಕ್ಷತ್ರ ಎನ್ನಲು ಒಪ್ಪದವರ ಮಗಳು. ವಾಪಸು ಬಂದು ನನ್ನ ಹೊಸ್ತಿಲಲ್ಲಿ ನಿಂತೆ.

"ಇಲ್ಲ ಅಮ್ಮ. ಪೂರ್ತಿ ಮೋಡ."

ಅಮ್ಮ ಅಪ್ಪನನ್ನು ನೋಡಿದಳು. ಅಡುಗೆಮನೆಯ ಕತ್ತಲನ್ನು ನೋಡಿದಳು. ಆಮೇಲೆ ನನ್ನನ್ನು.

"ಹಾಗಾದ್ರೆ ಅನ್ನ, ಸಾರು ಬಿಸಿ ಮಾಡ್ಕೊಂಡು ನೀನೇ ಕೆಳಗೆ ಬಾ," ಎಂದಳು. "ಮೂರು ತಟ್ಟೆ ತಗೊಂಡ್ ಬಾ."